ಗರ್ಭಕೋಶ ತೆಗೆಸುವ ಮುನ್ನ ಸರಿಯಾದ ಸ್ಕ್ಯಾನಿಂಗ್ ಆಗಲಿ

ಮಾನ್ಯ ಸಂಪಾದಕರೇ,

ಘಾಟ್‌ಕೋಪರ್‌ನಲ್ಲಿರುವ ನನ್ನ ಅಕ್ಕನಿಗೆ 42 ವರ್ಷ. ಮುಟ್ಟಿನ ದಿನಗಳಲ್ಲಿ ವಿಪರೀತ ರಕ್ತಸ್ರಾವ ಮತ್ತು ಎದ್ದು ಕೂರಲಾಗದಷ್ಟು ನೋವಿನಿಂದ ಅವಳು ಮೂರು ವರ್ಷ ನರಳಿದಳು. ಬಾಟಲಿಗಟ್ಟಲೆ ನೀರು ಕುಡಿಸಿ, ಹೊಟ್ಟೆಯ ಮೇಲಿನಿಂದ ಮಾಡಿದ ಸೋನೋಗ್ರಫಿಯ ವರದಿಯಲ್ಲಿ ಇದ್ದುದು ‘ಬಲ್ಕಿ ಯುಟೆರಸ್’ ಎಂಬ ಎರಡೇ ಪದ. ಗರ್ಭಕೋಶ ಏಕೆ ದಪ್ಪಗಾಗಿದೆಯೆಂದು ಯಾರೂ ಹೇಳಲಿಲ್ಲ; ‘ಮಕ್ಕಳಾಗಿವೆಯಲ್ಲ, ತೆಗೆಸಿಬಿಡಿ’ ಎಂಬ ಸಲಹೆ ಮಾತ್ರ ಅದೇ ದಿನ ಸಿಕ್ಕಿತು.

ಮನಸ್ಸೊಪ್ಪದೆ ಇನ್ನೊಬ್ಬ ವೈದ್ಯೆಯ ಬಳಿ ಹೋದೆವು. ಅವರು ಮೂತ್ರ ಮಾಡಿ ಬರಲು ಹೇಳಿ, ಯೋನಿಮಾರ್ಗದ ಮೂಲಕ ಸೋನೋಗ್ರಫಿ ಮಾಡಿ, ಪರದೆಯನ್ನು ನಮ್ಮ ಕಡೆ ತಿರುಗಿಸಿ ತೋರಿಸಿದರು. ಗರ್ಭಕೋಶದ ಹಿಂದಿನ ಗೋಡೆ ಮುಂದಿನದಕ್ಕಿಂತ ದಪ್ಪವಾಗಿತ್ತು. ಅದರೊಳಗೆ ಸಣ್ಣ ಸಣ್ಣ ಕಪ್ಪು ಬೊಟ್ಟುಗಳಿದ್ದವು, ಕೆಳಗೆ ಬೀಸಣಿಗೆಯ ಕಡ್ಡಿಗಳಂತೆ ನೆರಳಿನ ಪಟ್ಟೆಗಳು ಹರಡಿದ್ದವು. ಗರ್ಭಕೋಶದ ಒಳಪದರದಂಥದೇ ಅಂಗಾಂಶ ಸ್ನಾಯುವಿನ ಗೋಡೆಯೊಳಗೆ ಸೇರಿಕೊಳ್ಳುವ ಈ ಕಾಯಿಲೆಗೆ ಅಡೆನೋಮಯೋಸಿಸ್ ಎನ್ನುತ್ತಾರೆ. ಗರ್ಭಕೋಶದಲ್ಲಿ ಬೆಳೆಯುವ ಫೈಬ್ರಾಯ್ಡ್ ಗಡ್ಡೆಗೆ ಸಾಮಾನ್ಯವಾಗಿ ಸ್ಪಷ್ಟವಾದ ಅಂಚಿದ್ದು, ರಕ್ತದ ಹರಿವನ್ನು ಬಣ್ಣದಲ್ಲಿ ತೋರಿಸುವ ಕಲರ್ ಡಾಪ್ಲರ್‌ನಲ್ಲಿ ರಕ್ತನಾಳಗಳು ಅದರ ಸುತ್ತ ಕಾಣುತ್ತವೆ. ಇದಕ್ಕೆ ಅಂಥ ಅಂಚಿಲ್ಲ, ನಾಳಗಳು ನಡುವೆಯೇ ಹಾದುಹೋಗುತ್ತವೆ.

ಹಿಂದೆ ಈ ಕಾಯಿಲೆ ಖಚಿತವಾಗುತ್ತಿದ್ದುದು ಗರ್ಭಕೋಶವನ್ನು ತೆಗೆದು ಸೂಕ್ಷ್ಮದರ್ಶಕದಡಿ ಇಟ್ಟ ಮೇಲೆ. ಈಗ ಹಾಗಿಲ್ಲ. ಸೋನೋಗ್ರಫಿಯಲ್ಲಿ ಏನೇನು ನೋಡಬೇಕು, ಹೇಗೆ ಬರೆಯಬೇಕು ಎಂಬುದನ್ನು ‘ಮೂಸಾ’ ಎಂಬ ಅಂತರರಾಷ್ಟ್ರೀಯ ತಜ್ಞರ ಗುಂಪು 2015ರಲ್ಲಿ ನಿಗದಿಪಡಿಸಿ, 2022ರಲ್ಲಿ ಪರಿಷ್ಕರಿಸಿದೆ. ಅನುಮಾನ ಉಳಿದರೆ ಎಂಆರ್‌ಐ ಇದೆ. ಒಳಪದರಕ್ಕೂ ಹೊರಸ್ನಾಯುವಿಗೂ ನಡುವಿನ ಪಟ್ಟಿ 12 ಮಿಲಿಮೀಟರ್ ಅಥವಾ ಅದಕ್ಕಿಂತ ದಪ್ಪವಿದ್ದರೆ ಅಡೆನೋಮಯೋಸಿಸ್ ಎಂಬ ಶಂಕೆ ಬಲವಾಗುತ್ತದೆ. ಆದರೆ ಮುಟ್ಟಿನ ದಿನಗಳಲ್ಲಿ ಆ ಪಟ್ಟಿ ತಾನಾಗಿಯೇ ದಪ್ಪಗಾಗಬಹುದಾದ್ದರಿಂದ, ಆ ದಿನಗಳನ್ನು ಬಿಟ್ಟು ಎಂಆರ್‌ಐ ಮಾಡಿಸುವುದು ಒಳ್ಳೆಯದು. ಇದನ್ನು ನಮಗೆ ಮೊದಲೇ ಯಾರೂ ಹೇಳಿರಲಿಲ್ಲ.

ಅಕ್ಕನಿಗೆ ಹಾರ್ಮೋನ್ ಬಿಡುಗಡೆ ಮಾಡುವ ಸಾಧನವನ್ನು ಗರ್ಭಕೋಶದೊಳಗೆ ಅಳವಡಿಸಿ ಎಂಟು ತಿಂಗಳಾಯಿತು. ರಕ್ತಸ್ರಾವ ತಗ್ಗಿದೆ, ಅವಳು ಮತ್ತೆ ಲೋಕಲ್ ರೈಲು ಹತ್ತಿ ಕೆಲಸಕ್ಕೆ ಹೋಗುತ್ತಿದ್ದಾಳೆ. ಶಸ್ತ್ರಚಿಕಿತ್ಸೆಯೇ ಬೇಕಾಗುವ ಮಹಿಳೆಯರೂ ಇದ್ದಾರೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಕಾರಣವನ್ನೇ ಹುಡುಕದೆ ಅದನ್ನು ಸೂಚಿಸುವುದಕ್ಕೆ ನನ್ನ ಆಕ್ಷೇಪ.

ನಮ್ಮ ಹೆಣ್ಣುಮಕ್ಕಳಲ್ಲಿ ಅನೇಕರು ಒಳಗಿನಿಂದ ಮಾಡುವ ಸ್ಕ್ಯಾನಿಂಗ್ ಎಂದೊಡನೆ ನಾಚಿಕೆ, ಭಯದಿಂದ ಬೇಡವೆನ್ನುತ್ತಾರೆ. ಅವಿವಾಹಿತರಿಗೆ ಎಂಆರ್‌ಐನಂಥ ಬೇರೆ ದಾರಿಯಿದೆಯೆಂಬುದೂ ಹಲವರಿಗೆ ಗೊತ್ತಿಲ್ಲ. ಮುಂಬಯಿಯ ಕನ್ನಡ ಸಂಘಗಳು ಏರ್ಪಡಿಸುವ ಆರೋಗ್ಯ ಶಿಬಿರಗಳಲ್ಲಿ ಸಕ್ಕರೆ, ರಕ್ತದೊತ್ತಡದ ತಪಾಸಣೆಯ ಜೊತೆಗೆ, ಕನ್ನಡದಲ್ಲೋ ತುಳುವಿನಲ್ಲೋ ಇದನ್ನು ಬಿಡಿಸಿ ಹೇಳಬಲ್ಲ ಸ್ತ್ರೀರೋಗ ತಜ್ಞೆಯೊಬ್ಬರನ್ನು ಕೂರಿಸಬೇಕೆಂದು ಸಂಘಗಳ ಮಹಿಳಾ ವಿಭಾಗದವರಲ್ಲಿ ತಮ್ಮ ಪತ್ರಿಕೆಯ ಮೂಲಕ ವಿನಂತಿಸುತ್ತೇನೆ.

— ಓರ್ವ ಓದುಗಿ, ವಡಾಲ, ಮುಂಬಯಿ