ಮದುವೆಗೆ ಬರುವ ಅಳಿಯನಿಗೊಂದು ಪತ್ರ

ಗೋಣಿಕೊಪ್ಪಲು

ಚಿರಂಜೀವಿ ಬೋಪಣ್ಣನಿಗೆ ನಿನ್ನ ಸೋದರಮಾವ ಮಾಡುವ ಆಶೀರ್ವಾದಗಳು. ಇಲ್ಲಿ ಎಲ್ಲರೂ ಕ್ಷೇಮ.

ವಿರಾಜಪೇಟೆಯ ಮದುವೆಗೆ ಮೈಸೂರಿನಿಂದ ಕಾರಿನಲ್ಲಿ ಬಂದು, ಮರುದಿನ ಬೆಳಗ್ಗೆ ಆರಕ್ಕೇ ಹೊರಟು ಆಫೀಸು ಸೇರುತ್ತೀಯೆಂದು ನಿನ್ನ ತಾಯಿ ಹೇಳಿದಳು. ಈ ಪತ್ರ ಅದಕ್ಕಾಗಿಯೇ. ಕುಡಿಯಲೇಬೇಡ ಎಂದು ನಾನು ಬರೆಯುತ್ತಿಲ್ಲ. ಮಿಲಿಟರಿ ಕ್ಯಾಂಟೀನ್ ರಮ್ಮು, ಪಂದಿ ಕರಿ ಇರುವ ನಮ್ಮ ಮದುವೆಮನೆಗಳಲ್ಲಿ ಆ ಮಾತಿಗೆ ಯಾರೂ ಕಿವಿಗೊಡುವುದಿಲ್ಲವೆಂದು ಬಲ್ಲೆ. ಆದರೆ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುತ್ತಲೇ ನಿವೃತ್ತನಾದವನಾದ್ದರಿಂದ, ಕುಡಿದದ್ದು ಮೈಯಲ್ಲಿ ಎಷ್ಟು ಹೊತ್ತು ಉಳಿಯುತ್ತದೆಂಬ ಲೆಕ್ಕವನ್ನಾದರೂ ನಿನಗೆ ತಿಳಿಸಬೇಕೆನಿಸಿತು.

ರಕ್ತದ ಮದ್ಯಾಂಶವನ್ನು 100 ಮಿಲಿಲೀಟರ್ ರಕ್ತದಲ್ಲಿ ಎಷ್ಟು ಮಿಲಿಗ್ರಾಂ ಇದೆ ಎಂದು ಅಳೆಯುತ್ತಾರೆ. 1988ರ ಮೋಟಾರು ವಾಹನ ಕಾಯ್ದೆಯ 185ನೇ ಕಲಮಿನ ಪ್ರಕಾರ ಅದು 30 ಮಿಲಿಗ್ರಾಂ ಮೀರಿದವನು ವಾಹನ ಓಡಿಸುವುದು ಅಪರಾಧ. 2019ರ ತಿದ್ದುಪಡಿಯ ನಂತರ ಮೊದಲ ಸಲ ಸಿಕ್ಕಿಬಿದ್ದರೇ 10,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಸೆರೆವಾಸ, ಅಥವಾ ಎರಡೂ. ಇಂಗ್ಲೆಂಡಿನಲ್ಲಿ ಈ ಮಿತಿ 80 ಇದೆಯೆಂದು ನಿನ್ನ ಗೆಳೆಯರು ವಾದಿಸಬಹುದು; ನೀನು ಓಡಾಡುವ ತಿತಿಮತಿಯ ರಸ್ತೆ ಇಂಗ್ಲೆಂಡಿನಲ್ಲಿಲ್ಲ. ಶೇಕಡಾ 42.8ರ ರಮ್ಮಿನ ಒಂದು ಲಾರ್ಜ್, ಅಂದರೆ 60 ಮಿಲಿಲೀಟರಿನಲ್ಲಿ, ಸುಮಾರು 20 ಗ್ರಾಂ ಶುದ್ಧ ಮದ್ಯಸಾರವಿರುತ್ತದೆ. ನಿನ್ನಂತೆ 70 ಕಿಲೋ ತೂಗುವ ಗಂಡಸು ಅದನ್ನು ಖಾಲಿ ಹೊಟ್ಟೆಯಲ್ಲಿ ಒಮ್ಮೆಗೇ ಕುಡಿದರೆ ರಕ್ತದಲ್ಲಿ 40ರ ಆಸುಪಾಸು ಮುಟ್ಟುತ್ತದೆ. ಒಂದೇ ಲಾರ್ಜಿಗೆ ಗೆರೆ ದಾಟಿದಂತಾಯಿತು. ಹೆಂಗಸರ ಮೈಯಲ್ಲಿ ನೀರಿನಂಶ ಕಡಿಮೆಯಾದ್ದರಿಂದ ಅಷ್ಟೇ ಕುಡಿದರೂ ಮಟ್ಟ ಇನ್ನೂ ಮೇಲೇರುತ್ತದೆ.

ಮದ್ಯ ಮಿದುಳಿನಲ್ಲಿ ಮೊದಲು ಮಂಕು ಮಾಡುವುದು ಕೈಕಾಲನ್ನಲ್ಲ, ವಿವೇಚನೆಯನ್ನು. 50ರ ಹೊತ್ತಿಗೆ ಮಾತು ಸಲೀಸಾಗಿ, ಧೈರ್ಯ ಹೆಚ್ಚಾಗಿ, ತಾನು ಚೆನ್ನಾಗಿಯೇ ಇದ್ದೇನೆಂಬ ನಂಬಿಕೆ ಗಟ್ಟಿಯಾಗುತ್ತದೆ. 100 ದಾಟಿದ ಮೇಲೆ ನಾಲಿಗೆ ತೊದಲುತ್ತದೆ, ನಡಿಗೆ ತಪ್ಪುತ್ತದೆ. 200ರ ಸುಮಾರಿಗೆ ವಾಂತಿ, ಗೊಂದಲ. 300ಕ್ಕೆ ಪ್ರಜ್ಞೆ ತಪ್ಪಬಹುದು. 400ರ ಮೇಲೆ ಉಸಿರಾಟವೇ ನಿಂತು ಪ್ರಾಣ ಹೋಗಬಹುದು. ತಾನು ಗಾಡಿ ಓಡಿಸಬಲ್ಲೆನೋ ಇಲ್ಲವೋ ಎಂದು ನಿರ್ಧರಿಸಬೇಕಾದ ಮಿದುಳೇ ಎಲ್ಲಕ್ಕಿಂತ ಮೊದಲು ಕೆಡುವುದರಿಂದ, 'ನನಗೇನೂ ಆಗಿಲ್ಲ ಮಾವ' ಎಂಬ ಮಾತಿಗೆ ನಾನು ಕವಡೆ ಕಾಸಿನ ಬೆಲೆಯನ್ನೂ ಕೊಡುವುದಿಲ್ಲ. ದಿನವೂ ಕುಡಿಯುವವನು ತೂರಾಡದೆ ನಿಂತಿರಬಹುದು, ಆದರೆ ಅವನ ರಕ್ತದಲ್ಲಿರುವ ಪ್ರಮಾಣ ಅದರಿಂದ ಕಡಿಮೆಯಾಗುವುದಿಲ್ಲ.

ಇನ್ನು ಇಳಿಯುವ ಲೆಕ್ಕ. ಹೊಟ್ಟೆ ಸೇರಿದ ಮದ್ಯದ ಬಹುಪಾಲು ಸಣ್ಣ ಕರುಳಿನಲ್ಲಿ ರಕ್ತಕ್ಕೆ ಸೇರುತ್ತದೆ. ಊಟ ಮಾಡಿದ್ದರೆ ಆ ಏರಿಕೆ ನಿಧಾನವಾಗುತ್ತದೆ, ಅಷ್ಟೆ. ಇಳಿಸುವ ಕೆಲಸ ಹೆಚ್ಚುಕಡಿಮೆ ಪೂರ್ತಿ ಪಿತ್ತಜನಕಾಂಗದ್ದು. ಎದುರಿಗೆ ಎಷ್ಟು ಚೀಲ ಕಾಫಿ ಹಣ್ಣು ಸುರಿದರೂ ನಮ್ಮ ತೋಟದ ಪಲ್ಪರ್ ಗಂಟೆಗೆ ಇಷ್ಟೇ ಎಂದು ಸುಲಿಯುವಂತೆ, ಅದೂ ರಕ್ತದ ಆ ಮಟ್ಟವನ್ನು ಗಂಟೆಗೆ ಸುಮಾರು 15 ಮಿಲಿಗ್ರಾಂನಂತೆ ಮಾತ್ರ ಇಳಿಸುತ್ತದೆ. ರಾತ್ರಿ ಎಂಟರಿಂದ ಹನ್ನೆರಡರವರೆಗೆ ನಾಲ್ಕೈದು ಲಾರ್ಜ್ ಕುಡಿದವನ ಮಟ್ಟ ಮಧ್ಯರಾತ್ರಿಗೆ 120 ಇದ್ದರೆ, ಬೆಳಗ್ಗೆ ಆರಕ್ಕೆ ಇನ್ನೂ 30 ಇರುತ್ತದೆ. ನೀನು ಹೊರಡುವ ಹೊತ್ತು ಅದೇ. ನಿದ್ದೆಯಾಗಿದೆ, ಸ್ನಾನವಾಗಿದೆ ಎಂದ ಮಾತ್ರಕ್ಕೆ ಈ ಲೆಕ್ಕ ಬದಲಾಗುವುದಿಲ್ಲ. ಕುಡಿದು ಮಲಗಿದವನ ನಿದ್ದೆಯೂ ಅರೆಬರೆಯೇ. ಆನೆಚೌಕೂರಿನ ಕಡೆ ಮಂಜಿನಲ್ಲಿ ಕಾಡಾನೆಯೊಂದು ರಸ್ತೆಗಿಳಿಯಿತೆಂದುಕೋ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ, ಬ್ರೇಕಿನ ಮೇಲೆ ಕಾಲಿಡಲು ಅರ್ಧ ಸೆಕೆಂಡು ತಡವಾದರೂ ಕಾರು ಎಂಟು ಮೀಟರ್ ಮುಂದೆ ಹೋಗಿರುತ್ತದೆ.

ಕಾಫಿ ಕುಡಿದರೆ ಇಳಿಯುತ್ತದೆಂಬುದನ್ನು ಕಾಫಿ ಬೆಳೆಯುವ ನಾವೇ ನಂಬುತ್ತೇವೆ. ಕಾಫಿ ಮಂಪರನ್ನು ಓಡಿಸಬಹುದು, ರಕ್ತದ ಮದ್ಯವನ್ನಲ್ಲ. ತಣ್ಣೀರು, ಮಜ್ಜಿಗೆ, ನಿಂಬೆಹಣ್ಣಿನ ಕತೆಯೂ ಅಷ್ಟೇ. ಆಟಿಯ ಮಳೆಗೆ ರಮ್ಮು ಮೈ ಬೆಚ್ಚಗಿಡುತ್ತದೆಂಬುದು ಇನ್ನೊಂದು ನಂಬಿಕೆ. ಚರ್ಮದ ರಕ್ತನಾಳಗಳು ಹಿಗ್ಗಿ ಮೈ ಬಿಸಿಯಾದಂತೆ ತೋರುತ್ತದೆ ನಿಜ, ಆದರೆ ಒಳಗಿನ ಶಾಖ ಆ ದಾರಿಯಲ್ಲೇ ಹೊರಗೆ ಹೋಗುತ್ತದೆ. ಕುಡಿದು ಚಳಿಯಲ್ಲಿ ಬಯಲಲ್ಲೇ ಮಲಗಿದವನ ಜೀವಕ್ಕೆ ಅಪಾಯ ಬರುವುದು ಹಾಗೆಯೇ.

ನಿನ್ನ ಗೆಳೆಯರಲ್ಲಿ ಯಾರಾದರೂ ಎಬ್ಬಿಸಿದರೂ ಏಳದಷ್ಟು ಕುಡಿದಿದ್ದರೆ 'ಮಲಗಿ ಏಳಲಿ' ಎಂದು ಬಿಟ್ಟು ಬರಬೇಡ. ಕುಡಿಯುವುದು ನಿಂತ ಮೇಲೂ ಹೊಟ್ಟೆಯಲ್ಲಿದ್ದದ್ದು ರಕ್ತಕ್ಕೆ ಸೇರುತ್ತಲೇ ಇರುತ್ತದೆ, ಅಂಗಾತ ಮಲಗಿದವನ ವಾಂತಿ ಶ್ವಾಸನಾಳಕ್ಕೆ ಇಳಿಯಬಹುದು. ಒಂದು ಮಗ್ಗುಲಿಗೆ ಹೊರಳಿಸಿ ಮಲಗಿಸಿ, 108ಕ್ಕೆ ಫೋನು ಮಾಡು. ತಲೆನೋವೆಂದು ಯಾರಿಗೂ ಪ್ಯಾರಾಸಿಟಮಾಲ್ ನುಂಗಿಸಬೇಡ; ಮದ್ಯದ ಜೊತೆ ಅದು ಪಿತ್ತಜನಕಾಂಗಕ್ಕೆ ಹೊರೆಯಾಗಬಹುದು.

ಮದುವೆಯ ರಾತ್ರಿ ನಾನು ಕುಡಿಯುವುದಿಲ್ಲ, ಜೀಪು ತರುತ್ತೇನೆ. ನಿನ್ನ ಕಾರಿನ ಕೀ ಸಂಜೆಯೇ ಅತ್ತೆಯ ಕೈಗೆ ಕೊಟ್ಟುಬಿಡು, ರಾತ್ರಿ ನಮ್ಮ ಮನೆಯಲ್ಲೇ ಮಲಗು. ಮಧ್ಯಾಹ್ನ ಊಟ ಮಾಡಿ ಹೊರಟರೂ ಕತ್ತಲಾಗುವ ಮೊದಲು ಮೈಸೂರು ಸೇರುತ್ತೀಯೆ. ಆಫೀಸಿಗೆ ಒಂದು ದಿನದ ರಜೆ ಹಾಕಿ, ಅದು ಮಂಜೂರಾಯಿತೋ ಇಲ್ಲವೋ ಎಂದು ಈ ವಾರವೇ ತಿಳಿಸು.

ಇತಿ ನಿನ್ನ ಮಾವ