ಮಳೆ ಬೀಸುವ ದಿಕ್ಕು ನೋಡಿ ಮನೆ ಕಟ್ಟಿ

ಮಾನ್ಯರೇ,

ಹಾಸನ ಒಂದೇ ಜಿಲ್ಲೆ, ಹವೆ ಒಂದಲ್ಲ. ಸಕಲೇಶಪುರದಲ್ಲಿ ವರ್ಷಕ್ಕೆ 2,000 ಮಿ.ಮೀ.ಗೂ ಹೆಚ್ಚು ಮಳೆ. ಅರಸೀಕೆರೆಯಲ್ಲಿ ಅದರ ಅರ್ಧವೂ ಬೀಳದು. ಆದರೂ ಎರಡೂ ಕಡೆ ಏಳುತ್ತಿರುವುದು ಒಂದೇ ನಮೂನೆಯ ಮನೆ: ಚಪ್ಪಟೆ ತಾರಸಿ, ದೊಡ್ಡ ಗಾಜಿನ ಕಿಟಕಿ, ಸೂರಿಲ್ಲದ ಬೋಳು ಗೋಡೆ.

ನಾವೂ ಹಾಗೇ ಕಟ್ಟಿಸಿದೆವು. ಮುಂಗಾರು ಬೀಸುವುದು ನೈರುತ್ಯದಿಂದ. ಜೂನ್‌ನಲ್ಲಿ ನೆನೆದ ಪಶ್ಚಿಮದ ಗೋಡೆ ದಸರೆಯವರೆಗೂ ಒಣಗುವುದಿಲ್ಲ. ಅಮ್ಮನ ಕೋಣೆ ಇದ್ದದ್ದು ಆ ಮೂಲೆಯಲ್ಲೇ. ಕೊನೆಗೆ ತಾರಸಿಯ ಮೇಲೆ ಶೀಟು ಹೊದಿಸಿದೆವು, ಒಂದು ಮನೆಗೆ ಎರಡು ಚಾವಣಿಯ ಖರ್ಚು. ಅಜ್ಜನ ಹೆಂಚಿನ ಮನೆಗೆ ಮೂರಡಿ ಚಾಚಿದ ಸೂರಿತ್ತು, ಜಗಲಿಯಿತ್ತು. ಒದ್ದೆ ಕೊಡೆ, ಗಂಬೂಟು, ಕಾಫಿ ಮೂಟೆ ಎಲ್ಲ ಅಲ್ಲೇ ನಿಲ್ಲುತ್ತಿದ್ದವು. ಬಟ್ಟೆ ಒಣಗುತ್ತಿದ್ದುದು ಬಚ್ಚಲೊಲೆಯ ಬಿಸಿಗೆ.

ಹಳೆಯದನ್ನೇ ಕಟ್ಟಿ ಎನ್ನುತ್ತಿಲ್ಲ. ನಕ್ಷೆ ಬರೆಯುವವರು ಮಳೆಗಾಲದಲ್ಲೊಮ್ಮೆ ನಿವೇಶನ ನೋಡಲಿ, ದಿಬ್ಬ ಕಡಿಯುವ ಮೊದಲು ನೀರು ಹರಿಯುವ ದಾರಿ ಗುರುತಿಸಲಿ. ಮನೆಯಲ್ಲಿ ವಯಸ್ಸಾದವರು ಎಷ್ಟು, ಮಕ್ಕಳು ಎಷ್ಟು ಎಂದು ಕೇಳಲಿ. ಮಲೆನಾಡಿಗೂ ಬಯಲುಸೀಮೆಗೂ ಬೇರೆಬೇರೆ ಮಾದರಿ ನಕ್ಷೆಗಳನ್ನು ಪುರಸಭೆ, ಪಂಚಾಯಿತಿಗಳು ಪರವಾನಗಿ ಕೊಡುವಲ್ಲೇ ಇಟ್ಟರೆ ಹೊಸದಾಗಿ ಕಟ್ಟುವವರಿಗೆ ನೆರವಾಗುತ್ತದೆ.

– ಓದುಗ, ಸಕಲೇಶಪುರ