ಗೆಳೆಯನಿಗೊಂದು ಪತ್ರ: ಆರರ ಲೆಕ್ಕದ ಕುಣಿತ

ಪ್ರಿಯ ಶ್ರೀಧರ,

ಹೇಗಿದ್ದೀಯೋ? ನಿನ್ನ ಫೋನಿಗೆ ಒಂದು ಸಂಗೀತದ ತುಣುಕು ಕಳಿಸಿದ್ದೇನೆ, ಕೇಳಿದೆಯಾ? ಒಂದೂಕಾಲು ನಿಮಿಷದ್ದು, ಅಷ್ಟೇ. ಹೆಸರು ‘ದ ಫೇರಿ ರೌಂಡ್’. ಮೃದಂಗದವನಾದ ನೀನು ಕೇಳಲೇಬೇಕು ಅಂತ ಕಳಿಸಿದೆ.

ಆಂಟನಿ ಹೋಲ್ಬೋರ್ನ್ ಅನ್ನುವ ಸಂಗೀತಗಾರ 1599ರಲ್ಲಿ ಲಂಡನ್ನಿನಲ್ಲಿ ಅಚ್ಚು ಹಾಕಿಸಿದ ಪುಸ್ತಕದ್ದು ಇದು. ಅದರಲ್ಲಿ ಇಂಥವು 65 ಇವೆ, ಎಲ್ಲವೂ ಐದು ವಾದ್ಯಗಳಿಗೆ. ವಯೋಲ್ ಆಗಲಿ, ಪಿಟೀಲಾಗಲಿ, ಊದುವ ವಾದ್ಯವಾಗಲಿ, ಯಾವುದಾದರೂ ಸರಿ ಅಂತ ಮುಖಪುಟದಲ್ಲೇ ಹಾಕಿಬಿಟ್ಟಿದ್ದಾನೆ. ವ್ಯಾಪಾರ ಗೊತ್ತಿತ್ತು ಪುಣ್ಯಾತ್ಮನಿಗೆ!

ನನಗೆ ಇಷ್ಟವಾಗಿದ್ದು ವಯೋಲ್‌ಗಳಲ್ಲಿ ನುಡಿಸಿದ್ದು. ವಯೋಲ್ ಅಂದರೆ ಪಿಟೀಲಲ್ಲ. ಕಾಲುಗಳ ನಡುವೆ ನಿಲ್ಲಿಸಿಕೊಂಡು, ಅಂಗೈ ಮೇಲೆ ಮಾಡಿ ಕಮಾನು ಹಿಡಿಯುತ್ತಾರೆ. ಆರು ತಂತಿ, ಅವೂ ಕರುಳಿನವು. ವೀಣೆಗಿರುವ ಹಾಗೆ ಮೆಟ್ಟಿಲುಗಳೂ ಇವೆ, ಆದರೆ ಕರುಳಿನ ಎಳೆಯನ್ನೇ ಕೊರಳಿಗೆ ಸುತ್ತಿ ಗಂಟು ಹಾಕಿರುತ್ತಾರೆ. ಶ್ರುತಿ ಸರಿ ಬರದಿದ್ದರೆ ಆ ಗಂಟನ್ನೇ ಚೂರು ಆಚೆ ಈಚೆ ಸರಿಸಿದರಾಯಿತು. ದನಿ ದೊಡ್ಡದಲ್ಲ, ಒಂದು ಕೋಣೆಗೆ ಸಾಕು.

ಈಗ ತಾಳಕ್ಕೆ ಬಾ. ಇದು ಗ್ಯಾಲಿಯರ್ಡ್ ಜಾತಿಯ ಕುಣಿತ. ಎಣಿಕೆ ಆರು, ಹೆಜ್ಜೆ ಐದು. ಮೊದಲ ನಾಲ್ಕಕ್ಕೆ ಒಂದೊಂದು ಸಲ ಕಾಲು ಬೀಸಬೇಕು. ಐದಕ್ಕೆ ನೆಗೆಯಬೇಕು. ಆರಕ್ಕೆ ನೆಲಕ್ಕಿಳಿದು ನಿಲ್ಲಬೇಕು. ಆಗಿನ ಇಂಗ್ಲೆಂಡಿನ ರಾಣಿ ಮೊದಲನೇ ಎಲಿಜಬೆತ್ ಐವತ್ತು ದಾಟಿದ ಮೇಲೂ ಬೆಳಿಗ್ಗೆ ಆರೇಳು ಗ್ಯಾಲಿಯರ್ಡ್ ಕುಣಿಯುತ್ತಿದ್ದಳು ಅಂತ ಅವಳ ಆಸ್ಥಾನದವನೊಬ್ಬ ಕಾಗದ ಬರೆದಿದ್ದಾನೆ. ನಮಗೆ ಮೆಟ್ಟಿಲು ಹತ್ತಿದರೇ ಏದುಸಿರು, ಅಲ್ವಾ?

ಹೋಲ್ಬೋರ್ನ್ ಮಾಡಿರುವ ಚೇಷ್ಟೆ ಎಲ್ಲಿದೆ ಗೊತ್ತಾ? ಆರನ್ನು ಮೂರು-ಮೂರಾಗಿ ನಡೆಸುತ್ತಾ ಬಂದು, ಇದ್ದಕ್ಕಿದ್ದ ಹಾಗೆ ಎರಡು-ಎರಡು-ಎರಡು ಮಾಡುತ್ತಾನೆ. ಕಾಲ ಬದಲಾಗಲ್ಲ, ಪೆಟ್ಟು ಬೀಳುವ ಜಾಗ ಬದಲಾಗುತ್ತೆ. ಅದೂ ಐವರೂ ಒಟ್ಟಿಗೆ ತಿರುಗುವುದಿಲ್ಲ. ಒಬ್ಬ ಮೂರರಲ್ಲೇ ಇರುವಾಗ ಇನ್ನೊಬ್ಬ ಎರಡಕ್ಕೆ ಹೋಗಿರುತ್ತಾನೆ. ಆಗಿನವರ ಹತ್ತಿರ ಐವರದ್ದೂ ಒಟ್ಟಿಗೆ ಕಾಣುವ ಹಾಳೆ ಇರಲಿಲ್ಲ. ಒಬ್ಬೊಬ್ಬರಿಗೆ ಒಂದೊಂದು ಪುಸ್ತಕ, ಅದರಲ್ಲಿ ಅವರು ನುಡಿಸುವ ಭಾಗ ಮಾತ್ರ. ಆವರ್ತ ತೋರಿಸುವ ಗೆರೆಯೂ ಇಲ್ಲ. ಕಣ್ಣು ಪುಸ್ತಕದಲ್ಲಿ, ಕಿವಿ ಪಕ್ಕದವನ ಮೇಲೆ. ಲಯ ತಪ್ಪಿದರೆ ಮತ್ತೆ ಹಿಡಿಯೋದು ಸುಲಭವಲ್ಲ.

ಇನ್ನೊಂದು ಮಜಾ ಹೇಳ್ತೀನಿ. 1977ರಲ್ಲಿ ವಾಯೇಜರ್ ನೌಕೆಗಳ ಜೊತೆ ಆಕಾಶಕ್ಕೆ ಹೋದ ಚಿನ್ನದ ಲೇಪದ ಗ್ರಾಮೋಫೋನ್ ತಟ್ಟೆಯಲ್ಲಿ ಈ ತುಣುಕೂ ಇದೆ. ಅದೇ ತಟ್ಟೆಯಲ್ಲಿ ಹಿಂದೂಸ್ತಾನಿ ಗಾಯಕಿ ಕೇಸರ್‌ಬಾಯಿ ಕೇರ್ಕರ್ ಹಾಡಿದ್ದಾರೆ. 55 ಭಾಷೆಗಳ ಶುಭಾಶಯವೂ ಇದೆ, ಅದರಲ್ಲಿ ನಮ್ಮ ಕನ್ನಡವೂ ಸೇರಿದೆ! ಆದರೆ ಅಲ್ಲಿ ನುಡಿಸಿರುವುದು ಊದುವ ವಾದ್ಯಗಳಲ್ಲಿ. ಚೆನ್ನಾಗೇ ಇದೆ, ಚುರುಕಾಗಿದೆ. ಆದರೂ ಕರುಳಿನ ತಂತಿಗೆ ಕಮಾನು ಕಚ್ಚುವಾಗ ಬರುವ ಸಣ್ಣ ಗರಗರ ಅದರಲ್ಲಿ ಸಿಗಲ್ಲ. ನನಗೆ ಆ ಗರಗರವೇ ಬೇಕು.

ಸುಮ್ನೆ ಕೇಳಬೇಡ, ತೊಡೆಯ ಮೇಲೆ ತಾಳ ಹಾಕಿಕೊಂಡು ಕೇಳು. ಎಲ್ಲೆಲ್ಲಿ ಎರಡಕ್ಕೆ ತಿರುಗಿತು ಅಂತ ಗುರುತು ಮಾಡಿ ಬರಿ, ನನ್ನ ಲೆಕ್ಕಕ್ಕೆ ತಾಳೆ ಹಾಕೋಣ. ಆಮೇಲೆ ಅದೇ ಪುಸ್ತಕದ ‘ದ ಹನಿಸಕಲ್’ ಹಾಕು. ಅದು ನಾಲ್ಕರ ನಡೆ, ನಿನಗೆ ಸಲೀಸು.

ನಿನ್ನ,
ರಘು